ಭೋಪಾಲದ ಗೋಡೆಯ ಮೇಲಿನ ಫೋನು

ಭೋಪಾಲದಲ್ಲಿ ಮ್ಯೂಸಿಯಂಗಳಿಗೆ ಬರವಿಲ್ಲ. ಶ್ಯಾಮಲಾ ಬೆಟ್ಟದ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಸುಮಾರು 200 ಎಕರೆಯಲ್ಲಿ ಹರಡಿಕೊಂಡಿದೆ. ಅದರ ಹತ್ತಿರವೇ ಮಧ್ಯಪ್ರದೇಶ ಸರ್ಕಾರ 2013ರಲ್ಲಿ ತೆರೆದ ಬುಡಕಟ್ಟು ವಸ್ತುಸಂಗ್ರಹಾಲಯವಿದೆ, ಕೆರೆಯ ದಂಡೆಗೆ ಭಾರತ ಭವನವಿದೆ. ಪ್ರವಾಸಿಗರನ್ನು ಆಟೋದವರು ಕೇಳದೆಯೇ ಅಲ್ಲಿಗೆ ಕರೆದೊಯ್ಯುತ್ತಾರೆ. ಆದರೆ ಈ ಊರಿನ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು 1984ರ ಡಿಸೆಂಬರ್ 2ರ ರಾತ್ರಿಯಿಂದ. ಆ ರಾತ್ರಿಗೆ ಮೀಸಲಾದ ಮ್ಯೂಸಿಯಂ ಬೆಟ್ಟದ ಮೇಲಿಲ್ಲ. ಅದು ಶುರುವಾದದ್ದು ಊರಿನ ಉತ್ತರಕ್ಕೆ, ಬೆರಸಿಯಾ ರಸ್ತೆಯ ಕಡೆಯ ಹೌಸಿಂಗ್ ಬೋರ್ಡ್ ಕಾಲೊನಿಯ ಒಂದು ಬಾಡಿಗೆ ಮನೆಯಲ್ಲಿ. 2014ರ ಡಿಸೆಂಬರಿನಲ್ಲಿ, ಅನಿಲ ದುರಂತಕ್ಕೆ 30 ವರ್ಷ ತುಂಬಿದಾಗ, ಸಂತ್ರಸ್ತರೂ ಅವರ ಜೊತೆ ಹೋರಾಡಿದವರೂ ಸೇರಿ ಅದನ್ನು ತೆರೆದರು. ಪತ್ರಕರ್ತೆ ರಮಾ ಲಕ್ಷ್ಮಿ ಆಗ ಅದರ ಕ್ಯುರೇಟರ್ ಆಗಿದ್ದರು. ಹೆಸರು ರಿಮೆಂಬರ್ ಭೋಪಾಲ್ ಮ್ಯೂಸಿಯಂ. ಸರ್ಕಾರದ ದುಡ್ಡನ್ನೂ ಕಂಪನಿಗಳ ದುಡ್ಡನ್ನೂ ಮುಟ್ಟುವುದಿಲ್ಲ ಎಂಬುದು ಅದು ಮೊದಲ ದಿನದಿಂದ ಹಾಕಿಕೊಂಡ ಕಟ್ಟುಪಾಡು.

ಒಳಗಿರುವ ವಸ್ತುಗಳು ಯಾವ ಮನೆಯ ಟ್ರಂಕಿನಲ್ಲಾದರೂ ಸಿಗುವಂಥವು. ಮಕ್ಕಳ ಬಟ್ಟೆ, ಸತ್ತವರ ಫೋಟೋ, ದಿನಬಳಕೆಯ ಸಾಮಾನು. ಬೇರೆ ಮ್ಯೂಸಿಯಮ್ಮುಗಳಲ್ಲಿ ಇಂಥ ವಸ್ತುವಿನ ಕೆಳಗೆ ಒಂದು ಚೀಟಿ ಇರುತ್ತದೆ. ಅದನ್ನು ಬರೆದವರು ಯಾರೋ ತಜ್ಞರು. ಇಲ್ಲಿ ವಸ್ತುವಿನ ಪಕ್ಕದ ಗೋಡೆಗೆ ಹಳೆಯ ಕಾಲದ ಲ್ಯಾಂಡ್‌ಲೈನ್ ಫೋನಿನ ರಿಸೀವರ್ ತೂಗುಹಾಕಿದೆ. ಎತ್ತಿ ಕಿವಿಗಿಟ್ಟುಕೊಂಡರೆ, ಆ ಅಂಗಿಯನ್ನು ಇಷ್ಟು ವರ್ಷ ಮಡಚಿಟ್ಟುಕೊಂಡಿದ್ದವರ ದನಿಯೇ ಕೇಳಿಸುತ್ತದೆ, ಭೋಪಾಲದ ಹಿಂದಿಯಲ್ಲಿ, ಉರ್ದುವಿನಲ್ಲಿ. ಸ್ಪೀಕರಿನಲ್ಲಿ ಹಾಕಿದ್ದರೆ ಹತ್ತು ಜನ ಒಟ್ಟಿಗೆ ನಿಂತು ಕೇಳಬಹುದಿತ್ತು. ರಿಸೀವರಿನಲ್ಲಿ ಒಂದು ಸಲಕ್ಕೆ ಒಬ್ಬರು ಹೇಳುತ್ತಾರೆ, ಒಬ್ಬರು ಕೇಳುತ್ತಾರೆ. ಕೈ ನೋಯುವವರೆಗೆ ಹಿಡಿದು ನಿಲ್ಲಬೇಕು, ಸಾಕೆನಿಸಿದರೆ ಆ ಮಾತಿನ ನಡುವೆಯೇ ಇಟ್ಟುಬಿಡಬೇಕು. ಹೀಗೆ ಇಡುವುದು ಎಷ್ಟು ಕಷ್ಟವೆಂದು, ದುಃಖದಲ್ಲಿರುವ ನಂಟರೊಬ್ಬರ ಕರೆಯನ್ನು ಅರ್ಧಕ್ಕೆ ಮುಗಿಸಬೇಕಾಗಿ ಬಂದವರಿಗೆಲ್ಲ ಗೊತ್ತು. ಇದು ಕೇವಲ ಪ್ರದರ್ಶನದ ಜಾಣ್ಮೆ ಎಂದು ತೋರಬಹುದು. ನನ್ನ ವಾದ ಬೇರೆ. ಭೋಪಾಲದ ಇಡೀ ಇತಿಹಾಸದಲ್ಲಿ ಸಂತ್ರಸ್ತರಿಗೆ ಸಿಗದೇ ಹೋದದ್ದು ಸ್ವಂತ ಬಾಯಿಂದ ಮಾತಾಡುವ ಅವಕಾಶ. ಆ ಫೋನು ತುಂಬುತ್ತಿರುವುದು ಅದೇ ಜಾಗವನ್ನು. ಹಾಗಾಗಿ ಈ ಮ್ಯೂಸಿಯಮ್ಮನ್ನು ದುಃಖ ತೋಡಿಕೊಳ್ಳುವ ಜಾಗ ಎನ್ನುವುದಕ್ಕಿಂತ ಸಾಕ್ಷಿ ದಾಖಲಾದ ಜಾಗ ಎಂದು ನೋಡುವುದೇ ಸರಿ.

ಇದು ಅರ್ಥವಾಗಲು ಆ ರಾತ್ರಿ ಆದದ್ದನ್ನು ನೆನೆಯಬೇಕು. ಯೂನಿಯನ್ ಕಾರ್ಬೈಡ್ ಎಂಬ ಅಮೆರಿಕದ ಕಂಪನಿಯ ಭೋಪಾಲದ ಕಾರ್ಖಾನೆ ಸೆವಿನ್ ಎಂಬ ಕೀಟನಾಶಕ ತಯಾರಿಸುತ್ತಿತ್ತು. ಅದಕ್ಕೆ ಬೇಕಾಗುತ್ತಿದ್ದ ಮಿಥೈಲ್ ಐಸೊಸಯನೇಟ್ ಸದಾ ತಣ್ಣಗಿರಬೇಕಾದ, ನೀರು ಸೇರಿದರೆ ಕುದಿದೇಳುವ ದ್ರವ. 610ನೇ ನಂಬರಿನ ಟ್ಯಾಂಕಿನಲ್ಲಿ ಅದು 40 ಟನ್ನಿಗೂ ಹೆಚ್ಚಿತ್ತು. ಅದರೊಳಗೆ ನೀರು ಹೋಯಿತು, ದ್ರವ ಅನಿಲವಾಗಿ ಹೊರನುಗ್ಗಿತು. ತಣ್ಣಗಿಡಬೇಕಾದ ಶೈತ್ಯಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆದು ನಿಷ್ಕ್ರಿಯಗೊಳಿಸಬೇಕಾದ ಸ್ಕ್ರಬರ್ ಚಾಲೂ ಇರಲಿಲ್ಲ. ಅನಿಲವನ್ನು ಸುಟ್ಟುಹಾಕಬೇಕಾದ ಗೋಪುರದ ಪೈಪು ತುಕ್ಕು ಹಿಡಿದಿತ್ತೆಂದು ಕಳಚಿಟ್ಟಿದ್ದರು. ನೀರಿನ ಜೆಟ್ಟುಗಳು ಅನಿಲ ಹೊರಬರುತ್ತಿದ್ದ ಎತ್ತರವನ್ನು ಮುಟ್ಟಲಿಲ್ಲ. ಒಂದಲ್ಲ, ನಾಲ್ಕು ಬಾಗಿಲುಗಳು ತೆರೆದೇ ಇದ್ದವು. 1981ರ ಡಿಸೆಂಬರಿನಲ್ಲೇ ಫಾಸ್ಜೀನ್ ತಗುಲಿ ಅಲ್ಲಿನ ಕಾರ್ಮಿಕನೊಬ್ಬ ಸತ್ತಿದ್ದ. ರಾಜಕುಮಾರ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ 1982ರಲ್ಲೇ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ ಈ ಊರನ್ನು ಉಳಿಸಿ ಎಂದು ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ಭೋಪಾಲದಲ್ಲಿ ಕೇಳಿಸಿಕೊಳ್ಳದಿರುವ ಚಾಳಿ ದುರಂತಕ್ಕಿಂತ ಮೊದಲೇ ಶುರುವಾಗಿತ್ತು.

ದುರಂತದ ನಂತರ ಆ ಚಾಳಿಗೆ ಕಾನೂನಿನ ರೂಪವೇ ಬಂತು. 1985ರಲ್ಲಿ ಸಂಸತ್ತು ಭೋಪಾಲ ಅನಿಲ ಸೋರಿಕೆ ದುರಂತ ಕಾಯಿದೆಯನ್ನು ತಂದಿತು. ಅದರ ಪ್ರಕಾರ ಎಲ್ಲ ಸಂತ್ರಸ್ತರ ಪರವಾಗಿ ಪರಿಹಾರ ಕೇಳುವ ಹಕ್ಕು ಕೇಂದ್ರ ಸರ್ಕಾರದ್ದು, ಸರ್ಕಾರದ್ದು ಮಾತ್ರ. ಓದುಬರಹವಿಲ್ಲದ ಬಡವರು ಅಮೆರಿಕದ ವಕೀಲರ ಕೈಗೆ ಸಿಕ್ಕಿ ಮೋಸಹೋಗಬಾರದೆಂಬುದು ಅದರ ಹಿಂದಿನ ಒಂದು ಕಾಳಜಿಯಾಗಿತ್ತು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಫಲ ಏನಾಯಿತು? ಸರ್ಕಾರ ಮೊದಲು ಕೇಳಿದ್ದು 330 ಕೋಟಿ ಡಾಲರ್. 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡದ್ದು 47 ಕೋಟಿ ಡಾಲರ್. ಜೊತೆಗೆ ಕಂಪನಿಯ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ಕೈಬಿಡುವ ಮಾತಾಯಿತು. ಗಾಯಗೊಂಡವರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಯಿದೆ ಸಿಂಧುವೆಂದು ಎತ್ತಿಹಿಡಿದ ತೀರ್ಪಿನಲ್ಲೇ, ರಾಜಿಗೆ ಮುನ್ನ ಸಂತ್ರಸ್ತರ ಮಾತು ಕೇಳಬೇಕಿತ್ತೆಂದು ಸುಪ್ರೀಂ ಕೋರ್ಟು ಹೇಳಿತು. ಹೇಳುವ ಹೊತ್ತಿಗೆ ರಾಜಿ ಮುಗಿದುಹೋಗಿತ್ತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಎಳೆ ಇದೆ. ರಾಜಿಗೆ ಒಪ್ಪಿಗೆಯಿತ್ತ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ನಮ್ಮವರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. 1991ರ ಅಕ್ಟೋಬರಿನಲ್ಲಿ ಮರುಪರಿಶೀಲನೆಯ ಬಹುಮತದ ತೀರ್ಪು ಬರೆದವರೂ ವೆಂಕಟಾಚಲಯ್ಯನವರೇ. ಆ ತೀರ್ಪು ಹಣದ ರಾಜಿಯನ್ನು ಉಳಿಸಿತು, ಆದರೆ ಕ್ರಿಮಿನಲ್ ಮೊಕದ್ದಮೆಗಳಿಗೆ ಮತ್ತೆ ಜೀವ ಕೊಟ್ಟಿತು. ಕಂಪನಿಯ ಹಣದಿಂದ ಭೋಪಾಲದಲ್ಲಿ ಆಸ್ಪತ್ರೆ ಕಟ್ಟಿಸಬೇಕೆಂದಿತು. ಪರಿಹಾರದ ಹಣ ಸಾಲದೇ ಬಂದರೆ ಕೇಂದ್ರ ಸರ್ಕಾರ ತುಂಬಿಕೊಡಬೇಕೆಂದಿತು. ಅದರೊಳಗೆ ನಿಜವಾದ ಕಳಕಳಿ ಇತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಅದೂ ಕೊನೆಗೆ ಸಂತ್ರಸ್ತರ ಹಿತ ಯಾವುದೆಂದು ಬೇರೆಯವರು ನಿರ್ಧರಿಸಿದ ತೀರ್ಪೇ ಆಗಿತ್ತು. ಒಳ್ಳೆಯ ಮನಸ್ಸಿನವರು ಪರವಾಗಿ ಮಾತಾಡಿದಾಗಲೂ ಮೂಲ ದನಿ ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. 2010ರಲ್ಲಿ ಕಂಪನಿಯ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆ ಘೋಷಣೆಯಾಯಿತು. ಕಾರ್ಬೈಡಿನ ಮುಖ್ಯಸ್ಥ ವಾರೆನ್ ಆಂಡರ್ಸನ್ 1984ರ ಡಿಸೆಂಬರ್ 7ರಂದು ಭೋಪಾಲಕ್ಕೆ ಬಂದು, ಬಂಧನಕ್ಕೊಳಗಾಗಿ, ಜಾಮೀನಿನ ಮೇಲೆ ಬಿಡುಗಡೆಯಾಗಿ ಹೋದವರು ವಿಚಾರಣೆಗೆ ಮರಳಿ ಬರಲೇ ಇಲ್ಲ. ಹೆಚ್ಚುವರಿ ಪರಿಹಾರ ಕೇಳಿ ಸರ್ಕಾರ ಹಾಕಿದ್ದ ಕೊನೆಯ ಅರ್ಜಿಯನ್ನು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು. ಕೋರ್ಟಿನ ಬಾಗಿಲು ಅಲ್ಲಿಗೆ ಮುಚ್ಚಿದಂತೆಯೇ.

ಇನ್ನು ಅಂಕಿಗಳ ಮಾತು. ಮಧ್ಯಪ್ರದೇಶ ಸರ್ಕಾರ ದೃಢಪಡಿಸಿದ ಸಾವು 3,787. ಪರಿಹಾರ ಪಡೆದ ಸಾವಿನ ಪ್ರಕರಣಗಳು 5,000ಕ್ಕೂ ಹೆಚ್ಚು. ಮೊದಲ ಮೂರು ದಿನಗಳಲ್ಲೇ 7,000ಕ್ಕೂ ಹೆಚ್ಚು ಜನ ಸತ್ತರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೇಳುತ್ತದೆ. ಸಂತ್ರಸ್ತರ ಸಂಘಟನೆಗಳು ಇಷ್ಟು ವರ್ಷಗಳ ಸಾವೆಲ್ಲ ಸೇರಿ 20,000 ದಾಟುತ್ತದೆ ಎನ್ನುತ್ತವೆ. ಗಾಯಗೊಂಡವರ ಲೆಕ್ಕ ಇನ್ನೂ ವಿಚಿತ್ರ. ರಾಜಿಯ ಹೊತ್ತಿನಲ್ಲಿ ಊಹಿಸಿದ್ದು ಸುಮಾರು 1 ಲಕ್ಷ ಜನ. 2006ರಲ್ಲಿ ರಾಜ್ಯ ಸರ್ಕಾರವೇ ಪ್ರಮಾಣಪತ್ರದಲ್ಲಿ ಹೇಳಿದ್ದು 5,58,125. ಅದರಲ್ಲಿ ತೀವ್ರವಾಗಿ, ಶಾಶ್ವತವಾಗಿ ಊನವಾದವರೆಂದು ಗುರುತಿಸಿದ್ದು ಕೇವಲ 3,900ರ ಸುಮಾರು ಜನರನ್ನು. ಬಹುಪಾಲು ಜನರ ಕೈಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ, 2004ರ ನಂತರ ಅಷ್ಟೇ ಮೊತ್ತ ಇನ್ನೊಮ್ಮೆ. ಈ ಅಂಕಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣವಿದೆ. ಪರಿಹಾರ ಬೇಕಾದವರು ಅರ್ಜಿ ಹಾಕಬೇಕು, ಅರ್ಜಿಗೆ ಆಸ್ಪತ್ರೆಯ ಚೀಟಿ, ವಾಸದ ದಾಖಲೆ ಬೇಕು. ಸತ್ತವರಲ್ಲಿ ಬಹಳ ಮಂದಿ ಕಾರ್ಖಾನೆ ಗೋಡೆಯ ಆಚೆ ಗುಡಿಸಲಲ್ಲಿ ಇದ್ದವರು. ಮನೆಮಂದಿಯೆಲ್ಲ ಹೋದ ಕಡೆ ಅರ್ಜಿ ಹಾಕಲು ಉಳಿದವರು ಯಾರು? ಒಟ್ಟೊಟ್ಟಿಗೆ ಹೂತವರ, ಒಂದೇ ಚಿತೆಯಲ್ಲಿ ಸುಟ್ಟವರ ಹೆಸರು ಬರೆದುಕೊಂಡವರು ಯಾರು? ಕಾಗದದಲ್ಲಿ ಇಲ್ಲದ್ದು ಲೆಕ್ಕಕ್ಕೂ ಬರಲಿಲ್ಲ.

ಫೋನಿನ ದನಿಗೆ ಸಾಕ್ಷಿಯ ತೂಕ ಬರುವುದು ಇಲ್ಲಿಯೇ. ಆ ರಾತ್ರಿಯ ಬಗ್ಗೆ ಭೋಪಾಲದವರು ಮತ್ತೆ ಮತ್ತೆ ಹೇಳಿರುವ ಒಂದು ಮಾತಿದೆ: ಯಾರೋ ಮೆಣಸಿನಕಾಯಿ ಸುಡುತ್ತಿದ್ದಾರೆಂದುಕೊಂಡೆವು. ನಮ್ಮ ಅಡುಗೆಮನೆಗಳಲ್ಲೂ ಒಣಮೆಣಸಿನಕಾಯಿ ಕರಟಿದರೆ ಏಳುವ ಘಾಟು ಎಲ್ಲರಿಗೂ ಗೊತ್ತು. ಕೆಮ್ಮಿ, ಕಣ್ಣೊರೆಸಿಕೊಂಡು, ಕಿಟಕಿ ತೆಗೆಯುತ್ತೇವೆ. ಈ ಸಣ್ಣ ಮಾತಿನಲ್ಲಿ ಒಂದು ದೊಡ್ಡ ಆರೋಪ ಅಡಗಿದೆ. ಕಾರ್ಖಾನೆಯಲ್ಲಿ ಯಾವ ವಿಷವಿದೆ, ಸೋರಿದರೆ ಏನು ಮಾಡಬೇಕು ಎಂದು ಪಕ್ಕದಲ್ಲಿದ್ದವರಿಗೆ ಯಾರೂ ಹೇಳಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಅದರ ಬದಲು ಜನ ಓಡಿದರು, ಏದುಸಿರಿನಲ್ಲಿ ವಿಷವನ್ನು ಇನ್ನಷ್ಟು ಒಳಗೆಳೆದುಕೊಂಡರು. ತಾಂತ್ರಿಕ ವರದಿಯಲ್ಲಿ ಟ್ಯಾಂಕಿನ ಒತ್ತಡ ಎಷ್ಟಿತ್ತೆಂದು ಸಿಗುತ್ತದೆ. ಅಡುಗೆಮನೆಯ ಅನುಭವದಿಂದ ವಿಷವನ್ನು ಅಳೆಯಬೇಕಾಗಿ ಬಂದ ಜನರ ಕುರುಡು ಸ್ಥಿತಿ ಹೇಳಿಕೆಯಲ್ಲೇ ಸಿಗಬೇಕು. ವೈದ್ಯಕೀಯದಲ್ಲೂ ಇದೇ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂತ್ರಸ್ತರ ಆರೋಗ್ಯದ ಮೇಲೆ ನಡೆಸುತ್ತಿದ್ದ ದೀರ್ಘಾವಧಿ ಅಧ್ಯಯನಗಳು 1994ಕ್ಕೆ ನಿಂತವು. ಆಮೇಲಿನ ವರ್ಷಗಳ ಉಬ್ಬಸ, ಮಂಜಾದ ಕಣ್ಣು, ಹೋದ ಗರ್ಭ ಇವುಗಳ ಕಥೆಯನ್ನು ಬಹುಮಟ್ಟಿಗೆ ಹೊತ್ತುಕೊಂಡು ಬಂದದ್ದು ಜನರ ನೆನಪು, ಮತ್ತು ಸಂಭಾವನಾದಂಥ ಜನರೇ ನಡೆಸುವ ಆಸ್ಪತ್ರೆಗಳ ಕಡತ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಇಪ್ಪತ್ತು ಮೂವತ್ತು ವರ್ಷದ ಮೇಲೆ ಹೇಳಿದ ನೆನಪನ್ನು ಹೇಗೆ ನಂಬುವುದು? ಹೋರಾಟದ ಸಭೆಗಳಲ್ಲಿ ಹತ್ತಾರು ಸಲ ಹೇಳಿ ಹೇಳಿ ಕಥೆಗೆ ಒಂದು ಅಚ್ಚು ಬಂದಿರುತ್ತದೆ. ಒಬ್ಬರು ಕಂಡದ್ದು ಇನ್ನೊಬ್ಬರ ಮಾತಿನಲ್ಲಿ ಸೇರಿರುತ್ತದೆ. ಸಂತ್ರಸ್ತರೇ ನಡೆಸುವ ಮ್ಯೂಸಿಯಂ ಒಂದು ಕಡೆಯ ಕಥೆಯನ್ನೇ ಹೇಳುತ್ತದೆ. ಇದೆಲ್ಲ ನಿಜ. ಆದ್ದರಿಂದಲೇ ಪ್ರತಿ ಹೇಳಿಕೆಗೂ ಯಾರದ್ದು, ಎಂದು ದಾಖಲಾಯಿತು, ಯಾರು ಕೇಳಿದ ಪ್ರಶ್ನೆಗೆ ಉತ್ತರ ಎಂಬ ವಿವರ ಅಂಟಿಕೊಂಡಿರಬೇಕು. ಬೇರೆ ದಾಖಲೆಗಳ ಪಕ್ಕ ಇಟ್ಟು ತೂಗಬೇಕು. ಆದರೆ ಇನ್ನೊಂದು ಕಡೆಯ ಕಥೆ ಹೇಳಲು ಜಾಗವಿಲ್ಲದೆ ಕಂಪನಿ ಎಂದೂ ಒದ್ದಾಡಿಲ್ಲ. ಅಸಮಾಧಾನಗೊಂಡ ಕಾರ್ಮಿಕನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ ಎಂಬ ತನ್ನ ವಾದವನ್ನು ಅದು ಸಲಹಾ ಸಂಸ್ಥೆಯ ವರದಿಯೊಂದಿಗೆ 1988ರಲ್ಲೇ ಜಗತ್ತಿನ ಮುಂದಿಟ್ಟಿತು. ಒಂದು ಕ್ಷಣ ಅದನ್ನು ಒಪ್ಪಿದರೂ, ನಿಂತುಹೋಗಿದ್ದ ಶೈತ್ಯಯಂತ್ರಕ್ಕೆ, ಕಳಚಿಟ್ಟ ಪೈಪಿಗೆ ಆ ಕಾರ್ಮಿಕ ಹೊಣೆಯಾಗುವುದಿಲ್ಲ. ನೆನಪು ತಪ್ಪಬಹುದು, ಸರಿಯೇ. ಆದರೆ ಬರೆದಿಡಬೇಕಾದವರು ಬರೆಯದೇ ಬಿಟ್ಟ ಕಡೆ, ನೆನಪು ಕಚ್ಚಾ ಎಂದು ತಳ್ಳಿಹಾಕಿದರೆ ಬರೆಯದೇ ಬಿಟ್ಟವರಿಗೇ ಗೆಲುವು.

ಎರಡನೆಯ ಆಕ್ಷೇಪ ಮನಸ್ಸಿನದ್ದು. ಇಷ್ಟು ವರ್ಷದ ಗಾಯವನ್ನು ಯಾಕೆ ಕೆದಕಬೇಕು, ಸತ್ತ ಮಗುವಿನ ಅಂಗಿಯನ್ನು ಗಾಜಿನ ಹಿಂದಿಟ್ಟು ನೋಡುವುದು ಇನ್ನೊಬ್ಬರ ನೋವಿನ ಪ್ರವಾಸವಲ್ಲವೇ ಎಂಬುದು. ಭೋಪಾಲ ಎಂದಾಕ್ಷಣ ಜಗತ್ತಿಗೆ ನೆನಪಾಗುವ ಚಿತ್ರವನ್ನೇ ತೆಗೆದುಕೊಳ್ಳೋಣ. ರಘು ರೈ ಮತ್ತು ಪಾಬ್ಲೊ ಬಾರ್ಥಲೋಮ್ಯೂ ಇಬ್ಬರೂ ತೆಗೆದ ಅದೇ ಮಗುವಿನ ಫೋಟೋ. ಬಾರ್ಥಲೋಮ್ಯೂ ಅವರದ್ದಕ್ಕೆ ಆ ಸಾಲಿನ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿಯೂ ಬಂತು. ಮಣ್ಣು ಕಲ್ಲಿನ ನಡುವೆ ಮುಖವೊಂದೇ ಕಾಣುತ್ತದೆ, ಕಣ್ಣು ತೆರೆದೇ ಇವೆ, ಅವುಗಳ ಮೇಲೆ ಹಾಲಿನಂಥ ಪೊರೆ. ಆ ಫೋಟೋ ಮಾಡಿದ ಕೆಲಸ ದೊಡ್ಡದು. ಅದಿಲ್ಲದೆ ಜಗತ್ತು ತಿರುಗಿ ನೋಡುತ್ತಿತ್ತೋ ಇಲ್ಲವೋ. ಆದರೂ ನೋಡುವವರಿಗೆ ಅದು ಮಾಡಲು ಬಿಡುವುದು ಒಂದೇ ಕೆಲಸ, ಮರುಗುವುದು. ಆ ಮಗು ಯಾರ ಮಗು ಎಂದು ಯಾರಿಗೂ ತಿಳಿಯಲಿಲ್ಲ. ಫೋನಿನ ಆ ಕಡೆಯವರು ಹಾಗಲ್ಲ. ಅವರು ಅಳುತ್ತಾರೆ, ಸಿಟ್ಟಾಗುತ್ತಾರೆ, ಮೆರವಣಿಗೆ ಹೋದದ್ದನ್ನು, ಕೋರ್ಟಿನ ಹೊರಗೆ ಕಾದದ್ದನ್ನು ಹೇಳುತ್ತಾರೆ. ದುರಂತದ ನಂತರ ಕೆಲಸ ಹುಡುಕಿ ಮನೆಯಿಂದ ಹೊರಬಿದ್ದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಮಹಿಳಾ ಕಾರ್ಮಿಕರ ಸಂಘ ಕಟ್ಟಿ, ದೆಹಲಿಗೆ ನಡೆದುಹೋಗಿ, 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದವರು. ನಾವು ಹೂಗಳಲ್ಲ, ಕಿಡಿಗಳು ಎಂಬರ್ಥದ ಘೋಷಣೆ ಭೋಪಾಲದ ಹೆಂಗಸರದ್ದು. ಕೆದಕುವ ಮಾತಿಗೆ ಉತ್ತರ ಇಲ್ಲಿದೆ: ಅಂಗಿಯನ್ನು ಕೊಟ್ಟವರು, ಮಾತು ರೆಕಾರ್ಡ್ ಮಾಡಿಸಿದವರು ಅವರೇ. ಮರೆಯಿರಿ ಎಂದು ಹೇಳುವ ಅಧಿಕಾರ ಹೊರಗಿನವರಿಗೆ ಎಲ್ಲಿಂದ ಬಂತು?

ಹಣದ ಪ್ರಶ್ನೆ ಇವೆರಡಕ್ಕಿಂತ ಕಠಿಣ. ಮ್ಯೂಸಿಯಂ ಯಾಕೆ, ಅದೇ ಹಣದಲ್ಲಿ ಔಷಧ ಕೊಡಿಸಬಾರದೇ ಎನ್ನುವವರಿಗೆ ಉತ್ತರಿಸುವುದು ಸುಲಭ. ಚಿಕಿತ್ಸೆಗೆ ಕೊರತೆ ಬಿದ್ದದ್ದು ಈ ಬಾಡಿಗೆ ಮನೆಯ ಖರ್ಚಿನಿಂದಲ್ಲ. ಕಷ್ಟವಿರುವುದು ಸರ್ಕಾರದ ನೆರವನ್ನೂ ಬೇಡವೆನ್ನುವ ಕಟ್ಟುಪಾಡಿನಲ್ಲಿ. ಕಂಪನಿಗಳ ಹಣ ಬೇಡವೆನ್ನುವುದು ಯಾರಿಗಾದರೂ ಅರ್ಥವಾಗುತ್ತದೆ. ಸರ್ಕಾರವೂ ಈ ಪ್ರಕರಣದಲ್ಲಿ ಉತ್ತರ ಹೇಳಬೇಕಾದ ಕಡೆಯೇ, ಆದ್ದರಿಂದ ಆ ನಿಷ್ಠುರವೂ ನ್ಯಾಯವೇ. ಆದರೆ ಹತ್ತಿಬಟ್ಟೆಗೆ ನಿಷ್ಠುರ ಗೊತ್ತಿಲ್ಲ. ಮಳೆಗಾಲದ ತೇವಕ್ಕೆ ನಲವತ್ತು ವರ್ಷದ ಅಂಗಿಯ ಮೇಲೆ ಬೂಜು ಕಟ್ಟುತ್ತದೆ, ಮಡಿಕೆಯ ಗೆರೆಯಲ್ಲಿ ನೂಲು ಪುಡಿಯಾಗುತ್ತದೆ, ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಧ್ವನಿಯ ಫೈಲುಗಳನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ದಾಟಿಸದಿದ್ದರೆ ಅವೂ ಸಾಯುತ್ತವೆ. ಬಾಡಿಗೆ ಕಟ್ಟಲಾಗದ ತಿಂಗಳು ಬಂದರೆ ಇದೆಲ್ಲ ಎಲ್ಲಿಗೆ? ನನ್ನ ಅಭಿಪ್ರಾಯದಲ್ಲಿ ವಸ್ತುಗಳ ಒಡೆತನವೂ ಮಾತಿನ ಒಡೆತನವೂ ಸಂತ್ರಸ್ತರಲ್ಲೇ ಇರಬೇಕು. ಧ್ವನಿಯ, ಚಿತ್ರದ ನಕಲುಗಳು ಮಾತ್ರ ದೇಶದ ಮೂರು ನಾಲ್ಕು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಹೋಗಬೇಕು, ಬಳಸುವ ಷರತ್ತನ್ನು ಅವರೇ ಬರೆಯಬೇಕು. ಇದರಿಂದ ಯಾರ ಹಂಗಿಗೂ ಬೀಳಬೇಕಾಗಿಲ್ಲ, ಒಂದು ಮನೆಯ ಬಾಗಿಲು ಮುಚ್ಚಿತೆಂದು ಊರಿನ ಸಾಕ್ಷಿಯೆಲ್ಲ ಮುಚ್ಚಿಹೋಗುವ ಭಯವೂ ಇರುವುದಿಲ್ಲ.

ಕಾರ್ಖಾನೆಯ ಜಾಗದಲ್ಲಿ ದೊಡ್ಡ ಸ್ಮಾರಕ ಕಟ್ಟುವ ಮಾತು ಬಹಳ ಹಿಂದಿನದು. ಅದರ ವಿನ್ಯಾಸಕ್ಕೆ 2005ರಲ್ಲೇ ಸ್ಪರ್ಧೆ ನಡೆದು ಒಂದು ನಕ್ಷೆ ಆಯ್ಕೆಯಾಗಿತ್ತು. ನೆಲದೊಳಗಿನ ವಿಷವನ್ನು ತೆಗೆಯದೆ ಅದರ ಮೇಲೆ ಸ್ಮಾರಕ ಏಳಿಸಿದರೆ ಮುಚ್ಚಿಡುವುದೇ ಆಗುತ್ತದೆಂದು ಸಂತ್ರಸ್ತರ ಸಂಘಟನೆಗಳು ವಿರೋಧಿಸುತ್ತ ಬಂದಿವೆ. 2025ರ ಜನವರಿಯಲ್ಲಿ ಅಲ್ಲಿದ್ದ 337 ಟನ್ ತ್ಯಾಜ್ಯವನ್ನು 12 ಕಂಟೇನರ್‌ಗಳಲ್ಲಿ ತುಂಬಿ, ಪೊಲೀಸ್ ಕಾವಲಿನಲ್ಲಿ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಸಾಗಿಸಿದರು. ಅಲ್ಲಿಯ ಜನ ಬೀದಿಗಿಳಿದು ಪ್ರತಿಭಟಿಸಿದರು. ಆಮೇಲೆ ಅದನ್ನು ಹಂತಹಂತವಾಗಿ ಸುಟ್ಟರು. ಮಣ್ಣಿಗೆ, ಅಂತರ್ಜಲಕ್ಕೆ ಇಳಿದದ್ದು ಆ ಕಂಟೇನರ್‌ಗಳಲ್ಲಿ ಇರಲಿಲ್ಲ. ಈಗ ಆ ಜಾಗ ಖಾಲಿಯಾಯಿತೆಂದು ಸ್ಮಾರಕದ ನಕ್ಷೆ ಮತ್ತೆ ಮೇಜಿನ ಮೇಲೆ ಬರುವುದು ಸಹಜ. ಬಂದಾಗ ಮೊದಲು ಕೇಳಬೇಕಾದದ್ದು ಕಟ್ಟಡದ ಎತ್ತರವನ್ನಲ್ಲ, ಫಲಕದ ಮೇಲಿನ ಮಾತು ಯಾರದ್ದು ಎಂಬುದನ್ನು. ಕಾರ್ಖಾನೆಯ ಗೋಡೆಗೆ ಎದುರಾಗಿ 1985ರಿಂದಲೂ ಒಂದು ಪ್ರತಿಮೆ ನಿಂತಿದೆ. ಡಚ್ ಶಿಲ್ಪಿ ರೂತ್ ವಾಟರ್‌ಮನ್ ಮಾಡಿದ್ದು, ಮಗುವನ್ನು ಹೊತ್ತ ತಾಯಿ, ಮುಖಕ್ಕೆ ಕೈ. ಹಿರೋಶಿಮಾವೂ ಬೇಡ, ಭೋಪಾಲವೂ ಬೇಡ, ನಾವು ಬದುಕಬೇಕು ಎಂದು ಅದರ ಪೀಠದ ಮೇಲಿದೆ. ಅದಕ್ಕೆ ಸರ್ಕಾರದ ಆದೇಶವಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಜನ ಅಲ್ಲಿಗೇ ಬಂದು ಸೇರುತ್ತಾರೆ.